ಪತ್ತಲಪೇಟೆಯ ತಲಾಟಿ

ಕಾರಿನ ಮುಂದಿನ ಗಾಲಿಗಳು ಬೂದು ಬಣ್ಣದ ಹಾಸಿನ ಮೇಲೆ ಏರಿದ ಕೂಡಲೇ ಅದು ಯಾರ ಕಾರು, ಎಷ್ಟು ಭಾರ, ಒಳಗೆ ಎಷ್ಟು ಜನ ಎಂಬುದೆಲ್ಲ ನೆಲಕ್ಕೆ ಗೊತ್ತಾಯಿತು. ಇಳಿದ ಯುವಕ ರಸ್ತೆಯಂಚಿನ ಕಂಬದತ್ತ ಒಮ್ಮೆ ಕಣ್ಣು ಹಾಯಿಸಿದ. ಅಲ್ಲಿನ ಪುಟ್ಟ ಪರದೆಯಲ್ಲಿ ಅವನ ಗಾಡಿಯ ನಂಬರು ಮೂಡಿತ್ತು, ಪಕ್ಕದಲ್ಲಿ ಶುಲ್ಕ ಆಗಲೇ ಏರತೊಡಗಿತ್ತು. ಅವನು ಓಡುತ್ತ ಅಂಗಡಿಗೆ ಹೋಗಿ, ಫೋನಿನಲ್ಲಿ ಹೇಳಿಟ್ಟಿದ್ದ ಪೊಟ್ಟಣ ಹಿಡಿದು ಓಡುತ್ತಲೇ ಬಂದ. ಹೆಂಡತಿ ಹೇಳಿದ ಬಣ್ಣ ಹೌದೋ ಅಲ್ಲವೋ ಎಂದು ಬಿಚ್ಚಿ ನೋಡಲೂ ಇಲ್ಲ. ಅವನ ಕಾರು ಹೊರಟ ಜಾಗಕ್ಕೆ ಇನ್ನೊಂದು ಬಂದು ನಿಂತಿತು.

ಬೆಳವಲಪುರದ ಪತ್ತಲಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೀಗೆಯೇ. ಪತ್ತಲ ಎಂದರೆ ಸೀರೆ. ಆ ಓಣಿಯ ಎರಡೂ ಬದಿಗೆ ಸೀರೆ ಅಂಗಡಿಗಳೇ. ರಸ್ತೆಯ ಆ ಬೂದು ನೆಲಕ್ಕೆ ಸರ್ಕಾರಿ ಕಾಗದಗಳಲ್ಲಿ 'ನೆಲಗಣಕ' ಎಂಬ ಹೆಸರಿತ್ತು. ಊರಿನವರು ಮಾತ್ರ ಅದನ್ನು ತಲಾಟಿ ಎಂದೇ ಕರೆಯುತ್ತಿದ್ದರು. ಹಿಂದಿನ ಕಾಲದಲ್ಲಿ ಊರೂರಿಗೆ ಬಂದು ಕಂದಾಯ ವಸೂಲಿ ಮಾಡುತ್ತಿದ್ದ ತಲಾಟಿ ಕನಿಷ್ಠಪಕ್ಷ ಸಂಜೆಗೆ ಮನೆಗೆ ಹೋಗುತ್ತಿದ್ದ, ಈತ ಹೋಗುವುದಿಲ್ಲ ಎಂದು ನಗುತ್ತಿದ್ದರು.

ಅದನ್ನು ಕಂಡುಹಿಡಿದವಳು ಅದೇ ಊರಿನ ಡಾ. ಸರ್ವಮಂಗಳಾ ಯಲಿಗಾರ. ಒತ್ತಿದರೆ ವಿದ್ಯುತ್ತು ಹೊರಡಿಸುವ ಗುಣ ಕೆಲವು ಹರಳುಗಳಿಗಿದೆ. ಗ್ಯಾಸ್ ಒಲೆ ಹಚ್ಚುವ ಲೈಟರಿನಲ್ಲಿ ಕಿಡಿ ಹುಟ್ಟುವುದು ಇದರಿಂದಲೇ. ಅಂಥ ಹರಳುಗಳನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು ಡಾಂಬರಿನಲ್ಲಿ ಬೆರೆಸಿದರೆ ರಸ್ತೆಯೇ ಒಂದು ದೊಡ್ಡ ಚರ್ಮದಂತೆ ಸ್ಪರ್ಶವನ್ನು ಅರಿಯುತ್ತದೆ ಎಂದು ಆಕೆ ತೋರಿಸಿಕೊಟ್ಟಳು. ಗಾಲಿಯ ಒತ್ತಿನಿಂದಲೇ ಗಾಡಿಯ ಗುರುತು ಸಿಗುತ್ತದೆ, ನಿಂತಷ್ಟು ಹೊತ್ತಿನ ಶುಲ್ಕ ಮಾಲೀಕನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಚೀಟಿ ಹರಿಯುವವನಿಲ್ಲ, ಜಗಳವಿಲ್ಲ, ಚಿಲ್ಲರೆಯ ತಕರಾರೂ ಇಲ್ಲ.

ಇದನ್ನು ಬೇಡಿಕೊಂಡವರು ವ್ಯಾಪಾರಸ್ಥರೇ ಎಂಬುದನ್ನು ಮರೆಯಬಾರದು. ಒಂದು ವರ್ಷ ಓಣಿಯಲ್ಲಿ ಬೆಂಕಿ ಬಿದ್ದಾಗ, ಅಡ್ಡಾದಿಡ್ಡಿ ನಿಂತ ಗಾಡಿಗಳ ನಡುವೆ ಅಗ್ನಿಶಾಮಕ ವಾಹನ ಒಳಗೆ ಬರಲಾಗದೆ ಕೆಲವು ಅಂಗಡಿಗಳು ಬೂದಿಯಾಗಿದ್ದವು. ಹಾಗೆ ನಿಂತ ಗಾಡಿಗಳಲ್ಲಿ ಅರ್ಧಕ್ಕರ್ಧ ಅಂಗಡಿಕಾರರವೇ. ಬೆಳಿಗ್ಗೆ ತಂದು ಬಾಗಿಲ ಮುಂದೆ ನಿಲ್ಲಿಸಿದರೆ ರಾತ್ರಿಯೇ ತೆಗೆಯುವುದು, ಆಮೇಲೆ ಗಿರಾಕಿಗೆ ಜಾಗವಿಲ್ಲವೆಂದು ಗೊಣಗುವುದು. ತಲಾಟಿ ಬಂದ ಮೇಲೆ ಮೊದಲು ಜಾಗ ಖಾಲಿ ಮಾಡಿದ್ದು ಅವರ ಗಾಡಿಗಳೇ. ಮೊದಲ ವರ್ಷ ವ್ಯಾಪಾರ ಕುದುರಿತು. ಸಂಘದ ಹಿರಿಯರಾದ ಮಹಾರುದ್ರಪ್ಪ ಜವಳಿ ತಮ್ಮ ಕೈಯಾರೆ ಸರ್ವಮಂಗಳಾಗೆ ಶಾಲು ಹೊದಿಸಿ ಸನ್ಮಾನ ಮಾಡಿದರು.

ಅದೇ ಮಹಾರುದ್ರಪ್ಪ ಈಗ ಆಕೆಯ ಪ್ರಯೋಗಾಲಯದಲ್ಲಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ಬಾಯಾರ, ಗಾಡಿ ಬರ್ತಾವ, ಇಲ್ಲ ಅನ್ನೂದಿಲ್ಲ. ಗಿರಾಕಿ ಬರವಲ್ಲರು" ಎಂದರು.

"ಕಾಕಾರ, ಮೊದಲಿಗಿಂತ ಮೂರು ಪಟ್ಟು ಗಾಡಿ ಬಂದು ಹೋಗ್ತಾವರಿ. ಎಲ್ಲಾ ದಾಖಲಾಗಿ ಐತಿ."

"ಬಂದು ಹೋಗ್ತಾವ, ಖರೇ. ಕುಂಡ್ರೂದಿಲ್ಲ. ನಿಂತಕಾಲ ಮ್ಯಾಲೆ ಬಂದವರು ಟಾವೆಲ್ ತಗೋತಾರ, ಜಂಪರದ ಬಟ್ಟಿ ತಗೋತಾರ. ಬಸ್ತಾ ತಗೋಬೇಕಂದ್ರ ಕುಂಡ್ರಬೇಕಲ್ಲರಿ. ಬಸ್ತಾ ಎಲ್ಲಾ ಬೈಪಾಸ್ ಶಾಪಿಂಗ್ ಮಾಲಿಗೆ ಹೋಗೇತಿ. ಅಲ್ಲಿ ಗಾಡಿ ನಿಲ್ಲಸಾಕ ಪುಕ್ಕಟೆ."

ಮದುವೆಗೆಂದು ಎರಡೂ ಕಡೆಯ ಬೀಗರು ಕೂಡಿ ಜವಳಿ ಕೊಳ್ಳುವುದಕ್ಕೆ ಆ ಸೀಮೆಯಲ್ಲಿ ಬಸ್ತಾ ಎನ್ನುತ್ತಾರೆ. ಪತ್ತಲಪೇಟೆ ಬದುಕಿದ್ದೇ ಅದರ ಮೇಲೆ. ಸರ್ವಮಂಗಳಾ ಸ್ವಲ್ಪ ಹಟದಿಂದಲೇ, "ನಮ್ಮಣ್ಣನ ಮಗಳ ಬಸ್ತಾ ಐತಿ ಬರೂ ವಾರ. ನಿಮ್ಮ ಅಂಗಡ್ಯಾಗ ಮಾಡ್ತೀವಿ. ಏನ್ ತ್ರಾಸ ಆಗತೈತಿ, ನಾನೇ ನೋಡ್ತೀನಿ" ಎಂದಳು. ತನ್ನ ಯಂತ್ರದ ಮೇಲಿನ ಅಪವಾದ ತೊಳೆಯಲು ಮನೆಯ ಹುಡುಗಿಯ ಮದುವೆಯನ್ನು ಪ್ರಯೋಗಕ್ಕೆ ಒಡ್ಡುತ್ತಿದ್ದೇನೆಂದು ಆಗ ಆಕೆಗೆ ಅನ್ನಿಸಲಿಲ್ಲ.

ಮಹಾರುದ್ರಪ್ಪನವರ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿದ್ದರು. ನಾಲ್ಕು ಗಾಡಿಗಳಲ್ಲಿ ಜನ ಬಂದರು. ಸರ್ವಮಂಗಳಾ, ಅಣ್ಣ ಶಿವಪುತ್ರ, ಅವನ ಹೆಂಡತಿ, ಮದುವಣಗಿತ್ತಿ ಸಮನ್ವಿ ಒಂದು ಕಡೆ. ವರ, ವರನ ತಾಯಿ, ದೊಡ್ಡಪ್ಪ, ಅವರ ಹಿಂದೆ ಇನ್ನಷ್ಟು ಹೆಂಗಸರು ಮತ್ತೊಂದು ಕಡೆ. ಚಹಾ ಬಂತು, ಸೀರೆ ಗಂಟುಗಳು ಬಿಚ್ಚಿಕೊಂಡವು.

ಆ ಓಣಿಯಲ್ಲಿ ಒಂದು ಪದ್ಧತಿ ಇತ್ತು. ವಧುವಿನ ಪತ್ತಲವನ್ನು ವರನ ಕಡೆಯವರು ಆರಿಸಿ ಅವಳ ಮುಂದೆ ಹಾಸುತ್ತಾರೆ. ಶುಭಕಾರ್ಯದಲ್ಲಿ 'ಒಲ್ಲೆ' ಎಂಬ ಮಾತು ಬರಬಾರದೆಂದು ವಧು ಬಾಯಿ ಬಿಡುವುದಿಲ್ಲ. ಮನಸ್ಸಿಗೆ ಬಂದರೆ ಸೀರೆಯ ಮೇಲೆ ಕೈಯಿಡುತ್ತಾಳೆ, ಬರದಿದ್ದರೆ ಕೈ ಮಡಿಲಲ್ಲೇ ಇರುತ್ತದೆ. ಅಂಗಡಿಯವರು ಆ ಕೈ ನೋಡಿ ಸುಮ್ಮನೆ ಇನ್ನೊಂದು ಗಂಟು ಬಿಚ್ಚುತ್ತಾರೆ. ಇದಕ್ಕೆ ಅರ್ಧ ದಿನ ಹಿಡಿಯಬಹುದು. ಎಲ್ಲೋ ಅಪರೂಪಕ್ಕೆ ಸಂಜೆಯಾದರೂ ಹುಡುಗಿಯ ಕೈ ಯಾವ ಸೀರೆಯ ಮೇಲೂ ಇಳಿಯದಿದ್ದರೆ, ವಿಷಯ ಸೀರೆಯದಲ್ಲವೆಂದು ಹಿರಿಯರಿಗೆ ತಿಳಿಯುತ್ತಿತ್ತು. 'ಇವತ್ತು ಬ್ಯಾಡ, ಮತ್ತೊಮ್ಮಿ ನೋಡೂಣು' ಎಂದು ಎದ್ದುಬಿಡುತ್ತಿದ್ದರು. ಯಾರ ಮುಖಕ್ಕೂ ಮಸಿ ಬಳಿಯದೆ ಸಂಬಂಧ ಅಲ್ಲಿಗೇ ನಿಲ್ಲುತ್ತಿತ್ತು. ಸಮನ್ವಿ ಓದಿದವಳು, ದುಡಿಯುವವಳು, ಬಾಯಿಬಿಟ್ಟು ಹೇಳಬಲ್ಲವಳು. ಆದರೂ ತುಂಬಿದ ಗಾದಿಯ ಮೇಲೆ ಕುಳಿತಾಗ ಬಾಯಿಗಿಂತ ಕೈಯೇ ಸುಲಭ; ಆ ಕಷ್ಟ ಓದಿನಿಂದ ಹೋಗುವಂಥದ್ದಲ್ಲ.

ಎರಡನೆಯ ಗಂಟು ಬಿಚ್ಚುವ ಹೊತ್ತಿಗೆ ಶಿವಪುತ್ರನ ಫೋನು ಗುರ್ರೆಂದಿತು. ಬೀಗರ ಗಾಡಿಗಳ ಶುಲ್ಕವನ್ನು ಹೆಣ್ಣಿನ ಕಡೆಯವರೇ ಹೊರಬೇಕೆಂದು ಅವನೇ ತನ್ನ ಖಾತೆಗೆ ಜೋಡಿಸಿಕೊಂಡಿದ್ದ. ಸಮನ್ವಿಯ ಕೈ ಮಡಿಲಲ್ಲಿತ್ತು. ಮಹಾರುದ್ರಪ್ಪ ಮೂರನೆಯ ಗಂಟಿಗೆ ಕೈ ಹಾಕಿದರು. ಫೋನು ಮತ್ತೆ ಗುರ್ರೆಂದಿತು, ದರ ದುಪ್ಪಟ್ಟಾಗಿತ್ತು. ಶಿವಪುತ್ರ ಎದ್ದು ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ.

"ಏನ್ ಬೀಗರ, ನಾವು ಬಂದಿದ್ದು ಭಾರ ಆತೇನ?" ಎಂದು ವರನ ದೊಡ್ಡಪ್ಪ ನಗುತ್ತ ಕೇಳಿದ. ಆ ನಗೆಯಲ್ಲಿ ನಗೆ ಕಡಿಮೆ ಇತ್ತು.

"ಛೇ ಛೇ, ಆರಾಮ ಕುಂಡರ್ರಿ" ಎಂದ ಶಿವಪುತ್ರ. ಅವನ ಹಣೆ ಬೆವರಿತ್ತು.

ಅವಧಿ ಮೀರಿದ ಗಾಡಿಗೆ ದಂಡ ಬೀಳುತ್ತದೆ. ಆಗ ಕಂಬದ ಪರದೆಯಲ್ಲಿ ಅದರ ನಂಬರು ಕೆಂಪಾಗಿ ಮಿನುಗುತ್ತದೆ. ನಾಚಿಕೆಗಾದರೂ ಜನ ಗಾಡಿ ತೆಗೆಯಲಿ ಎಂದು ಸರ್ವಮಂಗಳಾಳೇ ಸೂಚಿಸಿದ್ದ ಉಪಾಯ ಅದು. ಹೊರಗೆ ಪಾನ ತಿನ್ನಲು ಹೋಗಿದ್ದ ವರ ಮುಖ ಊದಿಸಿಕೊಂಡು ಒಳಗೆ ಬಂದ. "ದೊಡ್ಡಪ್ಪಾ, ನಮ್ಮ ಗಾಡಿ ನಂಬರ್ ಪ್ಯಾಟಿ ತುಂಬಾ ಕೆಂಪ ಕಾಣಾಕತ್ತೇತಿ."

ಶಿವಪುತ್ರ ತಂಗಿಯ ಕಡೆ ತಿರುಗಿ, ಬೇರೆ ಯಾರಿಗೂ ಕೇಳದ ಹಾಗೆ, "ಮಂಗಳಾ, ಹೆಂಗರೆ ಮಾಡಿ ಮುಗಸವ್ವಾ" ಎಂದ. ಅವನ ದನಿಯಲ್ಲಿದ್ದ ದೈನ್ಯ ಸರ್ವಮಂಗಳಾಗೆ ತಟ್ಟಿತು. ಆಕೆ ಸಮನ್ವಿಯ ಕೈ ನೋಡಿದಳು. ಅದು ಮಡಿಲಲ್ಲೇ ಇತ್ತು, ಬೆರಳುಗಳು ಒಂದರೊಳಗೊಂದು ಹೆಣೆದಿದ್ದವು. ನೋಡಿಯೂ ಆಕೆ ಎದುರಿಗಿದ್ದ ಹಸಿರು ಪತ್ತಲವನ್ನೆತ್ತಿ ಹುಡುಗಿಯ ತೊಡೆಯ ಮೇಲಿಟ್ಟು, "ಇದ ಇರಲಿ. ಚಂದ ಐತಿ" ಎಂದಳು.

ಬೀಗರು ಎದ್ದರು. ಮಹಾರುದ್ರಪ್ಪ ಇನ್ನೂ ಗಂಟು ಹಾಕದ ಬಟ್ಟೆಯ ಚುಂಗು ಹಿಡಿದು ಕುಳಿತೇ ಇದ್ದರು. "ಬಾಯಾರ, ಕೈ..." ಎಂದರು.

ಮರುದಿನ ಸರ್ವಮಂಗಳಾ ತಲಾಟಿಯ ಒಳಲೆಕ್ಕವನ್ನು ತೆರೆದು ಕುಳಿತಳು. ಅಂದು ದರ ಅಷ್ಟು ಏರಿದ್ದೇಕೆಂದು ಆಕೆಗೆ ತಿಳಿಯಬೇಕಿತ್ತು. ಓಣಿಯಲ್ಲಿ ಜಾಗ ಸದಾ ಸ್ವಲ್ಪ ಖಾಲಿ ಇರುವಂತೆ ದರವನ್ನು ತಾನೇ ಏರಿಸಿ ಇಳಿಸಿಕೊಳ್ಳಲು ಆಕೆ ಮೊದಲು ಅದಕ್ಕೆ ಕಲಿಸಿದ್ದಳು. ಆಮೇಲೆ ನಗರಸಭೆಯವರು ವರಮಾನವೂ ಹೆಚ್ಚಬೇಕೆಂದು ಕೇಳಿದಾಗ ಆ ಗುರಿಯನ್ನೂ ಸೇರಿಸಿದ್ದಳು. ಉಳಿದದ್ದನ್ನು ಯಂತ್ರ ತಾನೇ ಕಲಿತಿತ್ತು. ಒಂದೇ ದಿಕ್ಕಿನಿಂದ ಒಟ್ಟಾಗಿ ಬಂದು, ತುಂಬ ಜನರನ್ನು ಇಳಿಸಿದ ಗಾಡಿಗಳು ದರ ಎಷ್ಟೇ ಏರಿದರೂ ಬೇಗ ಹೊರಡುವುದಿಲ್ಲ ಎಂಬುದು ಅದಕ್ಕೆ ತಿಳಿದುಹೋಗಿತ್ತು. ಮದುವೆ ಎಂದರೇನೆಂದು ಅದಕ್ಕೆ ಗೊತ್ತಿರಲಿಲ್ಲ. ಎದ್ದು ಹೋಗಲಾಗದವರು ಯಾರೆಂಬುದು ಮಾತ್ರ ಗೊತ್ತಾಗಿತ್ತು. ಅವರಿಂದಲೇ ಹೆಚ್ಚು ವಸೂಲು ಮಾಡುತ್ತಿತ್ತು. ಇಷ್ಟು ದಿನ ತಾನು ಗಾಡಿಗಳನ್ನು ಎಣಿಸಿ ವ್ಯಾಪಾರ ಹೆಚ್ಚಿತೆಂದು ಬೀಗಿದ್ದು ನೆನಪಾಗಿ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅದೇ ದಿನ ನಗರಸಭೆಯ ಆಯುಕ್ತರ ಬಳಿ ಹೋಗಿ, ವರಮಾನದ ಗುರಿಯನ್ನು ತೆಗೆದುಹಾಕಬೇಕೆಂದು ಕೇಳಿದಳು.

"ಮೇಡಂ, ಊರಿನ ಬೀದಿದೀಪ ಉರಿಯೋದು, ಶಾಲೆಗೆ ನೀರು ಬರೋದು ಅದರಿಂದಲೇ" ಎಂದರು ಆಯುಕ್ತರು. "ಮತ್ತ ಈ ವರ್ಷ ಒಂದೂ ತಕರಾರು ಬಂದಿಲ್ಲ."

"ತಕರಾರು ಇದ್ದವರು ಓಣಿಗೆ ಬರೂದನ್ನೇ ಬಿಟ್ಟಾರರಿ ಸಾಹೇಬರ."

ಆಯುಕ್ತರು ಮುಂದಿನ ಸಭೆಯಲ್ಲಿ ವಿಷಯ ಇಡೋಣ ಎಂದರು. ಅವರೇನೂ ಕೆಟ್ಟವರಲ್ಲ, ಬೀದಿದೀಪ ಉರಿಯುವುದೂ ಸುಳ್ಳಲ್ಲ. ಸರ್ವಮಂಗಳಾಗೆ ಸಂಕಟವಾದದ್ದು ಅದಕ್ಕೇ.

ಮದುವೆಗೆ ಕೆಲವೇ ದಿನಗಳಿರುವಾಗ ಸಮನ್ವಿ ಪ್ರಯೋಗಾಲಯಕ್ಕೆ ಬಂದಳು. ಸರ್ವಮಂಗಳಾಳ ಎದುರಿನ ಸ್ಟೂಲಿನ ಮೇಲೆ ಕುಳಿತು, ಪೀಠಿಕೆಯಿಲ್ಲದೆ ಶುರುಮಾಡಿದಳು.

"ಅತ್ತಿ, ಅವತ್ತ ನಾ ಕೈ ಇಟ್ಟಿರಲಿಲ್ಲ."

"ನೋಡಿದ್ನಿ."

"ಅಂವ ಒಳ್ಳೆಯವ ಇರಬಹುದು. ಆದ್ರ ನನ್ನ ಮಾತು ಮುಗಿಯೂತನಾ ಒಮ್ಮೆನೂ ಕೇಳಿಲ್ಲ. ಹೌದೋ ಅಲ್ಲೋ ಅಂತ ನನಗೂ ಪಕ್ಕಾ ಇರಲಿಲ್ಲ. ಅಂಗಡ್ಯಾಗ ಕುಂತರ ತಿಳೀತೈತಿ ಅನ್ಕೊಂಡಿದ್ನಿ. ಅವತ್ತ ಅಂವ ಹೊರಗಿಂದ ಬಂದು ಗಾಡಿ ನಂಬರ್ ಬಗ್ಗೆ ಅಂದ್ನಲ್ಲ, ಆವಾಗ ತಿಳೀತು, ಅಲ್ಲ ಅಂತ. ಅಷ್ಟರಾಗ ನೀ ಎಬ್ಬಿಸಿಬಿಟ್ಟಿ." ಆಮೇಲೆ ನೇರವಾಗಿ ಕೇಳಿದಳು: "ಕೈ ನೋಡಿದ್ರೂ ಯಾಕ ಎಬ್ಬಿಸಿದಿ, ಅತ್ತಿ?"

ಸರ್ವಮಂಗಳಾ ಏನೇನೋ ಹೇಳಹೊರಟಳು. ಬಾಯಿಂದ ಬಂದದ್ದು ಇಷ್ಟೇ: "ಹೊರಗ ಗಾಡಿ ನಿಂತಿದ್ದವಲ್ಲ, ಸಮನ್ವಿ."

ಹೇಳಿದ ಮೇಲೆ ಆ ಮಾತು ಆಕೆಗೇ ಕೇಳಿಸಿತು. ಹುಡುಗಿ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸರ್ವಮಂಗಳಾ ಎದ್ದು ಅವಳ ಕೈ ಹಿಡಿದು ಅಣ್ಣನ ಮನೆಗೆ ಕರೆದುಕೊಂಡು ಹೋಗಿ, ಹುಡುಗಿಗೆ ಈ ಸಂಬಂಧ ಬೇಡವೆಂದು ಹೇಳಿದಳು.

ಮದುವೆ ನಿಂತಿತು. ಮೆತ್ತಗೆ ನಿಲ್ಲಲಿಲ್ಲ. ಕಾರ್ಡು ಹಂಚಿ ಆಗಿತ್ತು, ಕಲ್ಯಾಣ ಮಂಟಪ ಗೊತ್ತಾಗಿತ್ತು. ವರನ ದೊಡ್ಡಪ್ಪ ಮನೆಯ ಮುಂದೆ ನಿಂತು ನಾಲ್ಕು ಓಣಿಗೆ ಕೇಳುವ ಹಾಗೆ ಕೂಗಾಡಿದ. ಹುಡುಗಿಯ ನಡತೆಯ ಮೇಲೆ ಇಲ್ಲದ್ದೆಲ್ಲ ಹೇಳಿದ. ಶಿವಪುತ್ರ ತಂಗಿಯೊಡನೆ ಮಾತು ಬಿಟ್ಟ. ಪತ್ತಲಪೇಟೆಯ ಗಾದಿಯ ಮೇಲೆ ಒಂದು ಸಂಜೆಯಲ್ಲಿ ಸದ್ದಿಲ್ಲದೆ ತೀರಬಹುದಾಗಿದ್ದ ಸಂಗತಿಗೆ ಎರಡು ಮನೆತನಗಳು ಬೀದಿಗೆ ಬಿದ್ದವು. ನೆಲಗಣಕದ ಲೆಕ್ಕದಲ್ಲಿ ಇದಾವುದೂ ಇಲ್ಲ. ಬಸ್ತಾದ ಆ ದಿನ ಅದರ ಪಾಲಿಗೆ ಒಳ್ಳೆಯ ವಸೂಲಿಯ ದಿನ.

ವರ್ಷ ಕಳೆಯುವುದರೊಳಗೆ ಮಹಾರುದ್ರಪ್ಪ ಗಾದಿಗಳನ್ನು ತೆಗೆಸಿ, ಅಂಗಡಿಯನ್ನು ಬೈಪಾಸ್ ಮಾಲಿನವರ ಪೊಟ್ಟಣ ಇಡುವ ಗೋದಾಮಿಗೆ ಬಾಡಿಗೆ ಕೊಟ್ಟರು. ಗೋದಾಮಿಗೆ ಬರುವ ಗಾಡಿಗಳು ನಿಲ್ಲುವುದಿಲ್ಲ. ಪೊಟ್ಟಣ ಎಸೆದು ಹೋಗುತ್ತವೆ. ರಸ್ತೆ ಅಚ್ಚುಕಟ್ಟಾಗಿದೆ. ಅಗ್ನಿಶಾಮಕ ವಾಹನ ಈಗ ಯಾವಾಗ ಬೇಕಾದರೂ ಬರಬಹುದು, ಉಳಿಸಲು ಸೀರೆಗಳು ಮಾತ್ರ ಅಲ್ಲಿಲ್ಲ.

ಇದು ನಡೆಯಲು ಇನ್ನೂ ಕೆಲವು ದಶಕಗಳಿವೆ. ಅಂಥ ನೆಲವನ್ನು ಇನ್ನೂ ಯಾರೂ ಹಾಸಿಲ್ಲ. ಆದರೆ ಪಾರ್ಕಿಂಗ್ ಚೀಟಿ ಈಗಲೂ ನಮ್ಮ ಜೇಬಿನಲ್ಲಿದೆ, ಗಾಡಿ ಎಳೆದೊಯ್ಯುವ ಟೋಯಿಂಗ್ ವಾಹನ ಈಗಲೂ ಮೂಲೆಯಲ್ಲಿ ಕಾಯುತ್ತಿದೆ. ಅಂಗಡಿಯ ಒಳಗೆ ನಮ್ಮವರೊಬ್ಬರು ಏನೋ ಹೇಳಬೇಕೆಂದು ಇನ್ನೂ ಬಾಯಿ ತೆರೆಯುತ್ತಿರುವಾಗಲೇ ನಾವು, 'ಬೇಗ, ಗಾಡಿ ನಿಂತಿದೆ' ಎಂದು ಎದ್ದು ಹೊರಟಿರುತ್ತೇವೆ. ಅವರು ಏನು ಹೇಳಬೇಕೆಂದಿದ್ದರೋ, ಆಮೇಲೆ ನಾವು ಕೇಳಿದ್ದೇವೆಯೇ?