ಮಮತಾಳ ಒಂದೇ ಡೈಲಾಗು

"ಬರೀ 'ಅಯ್ಯೋ' ಅನ್ನೋದಾ ಮಿಸ್? ಅಷ್ಟೇನಾ?"

ಮಮತಾಳ ಮುಖ ಊದಿಕೊಂಡಿತು. ಬಬ್ಬೂರಿನ ಶಾಲೆಯಲ್ಲಿ ನಾಟಕದ ಪ್ರಾಕ್ಟೀಸ್ ನಡೆದಿತ್ತು. ನಾಟಕದ ಹೆಸರು 'ಕಾಲಿಗೆ ಮುಳ್ಳು'. ಅಡ್ಡ ಕಟ್ಟಿದ ಹಳೇ ಬೆಡ್‌ಶೀಟೇ ಚರ್ಮ. ಚೂಪು ಟೋಪಿಯ ಅಮಾನ್ ಮುಳ್ಳು. ಚಂದ್ರು ಮತ್ತು ಅವನ ಗ್ಯಾಂಗು ಬಿಳಿ ರಕ್ತಕಣಗಳು. ಅವರಿಗೆ ರಟ್ಟಿನ ಕತ್ತಿ ಬೇರೆ! ಮಮತಾ ಮಾತ್ರ ನರ.

"ಮುಳ್ಳು ಚುಚ್ಚಿದ ತಕ್ಷಣ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತೆ ಕಣಮ್ಮ," ಎಂದರು ಸುಮಿತ್ರಾ ಮಿಸ್. "ಅಕ್ಕಪಕ್ಕದ ಬಿಳಿ ರಕ್ತಕಣಗಳಿಗೂ ಹೇಳುತ್ತೆ. ಹರಿದ ಚರ್ಮವೂ ಅವನ್ನ ಕರೆಯುತ್ತೆ. ಆಮೇಲೇ ಇವರೆಲ್ಲ ಓಡಿ ಬರೋದು."

"ನೀನು ಅರಚು, ನಾವು ಫೈಟ್ ಮಾಡ್ತೀವಿ," ಎಂದು ಚಂದ್ರು ಕತ್ತಿ ಬೀಸಿದ.

ಮಮತಾಳಿಗೆ ಮೈಯೆಲ್ಲ ಉರಿಯಿತು. ನಾಳೆ ನಾಟಕಕ್ಕೇ ಹೋಗಬಾರದು, ಇನ್ನು 'ಅಯ್ಯೋ' ಅಂತ ಬಾಯೇ ಬಿಡಬಾರದು ಎಂದುಕೊಂಡು, ಮನೆಗೆ ಹೋಗುವ ದಾರಿಯಲ್ಲಿದ್ದ ಕಲ್ಲಿಗೆ ಜೋರಾಗಿ ಒದ್ದಳು. ಕಲ್ಲು ಅಲ್ಲೇ ಇತ್ತು. ಚಪ್ಪಲಿ ಹಾರಿ ಜಾಲಿ ಪೊದೆ ಸೇರಿತು. ತರಲು ಹೋದವಳ ಬರಿಗಾಲಿಗೆ ಚುಳ್ಳೆಂದು ಮುಳ್ಳು ಚುಚ್ಚಿತು.

ಅಜ್ಜಿ ಹುಲಿಗೆಮ್ಮನಿಗೆ ಕಣ್ಣು ಅಷ್ಟಕ್ಕಷ್ಟೇ. ಆದರೂ ಓಣಿಯವರ ಮುಳ್ಳು ತೆಗೆಯುವವಳು ಅವಳೇ. ಬಳೆಗೆ ಸಿಗಿಸಿದ್ದ ಪಿನ್ನನ್ನು ಬೆಂಕಿಗೆ ಹಿಡಿದು, ಮೊಮ್ಮಗಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಲ್ಲಿ ಒತ್ತುತ್ತಾ ಹೋದಳು.

"ಇಲ್ಲೈತಾ? ಇಲ್ಲಿ?"

ಮಮತಾಳಿಗೆ ಜೀವ ಹೋದಂತಾಯಿತು. ಆದರೂ ತುಟಿಪಿಟಿಕ್ ಎನ್ನಲಿಲ್ಲ. ಅಜ್ಜಿ ಆ ಜಾಗ ದಾಟಿ ಮುಂದೆ ಹೋಗಿ, ಹಿಮ್ಮಡಿಯಲ್ಲಿ ಮುಳ್ಳೇ ಇಲ್ಲದ ಕಡೆ ಕೆದಕತೊಡಗಿದಳು.

"ಲೇ, ಬಾಯಿಗೆ ಬೀಗ ಹಾಕ್ಕಂಡಿದ್ದೀಯೇನೆ? ನೀನು ಕೂಗಿದ್ರೆ ತಾನೆ ಎಲ್ಲೈತೆ ಅಂತ ನಂಗೆ ಗೊತ್ತಾಗಾದು? ಸುಮ್ನಿದ್ರೆ ಇಡೀ ಕಾಲು ಕೆದಕ್ಬೇಕಾಗ್ತದೆ ನೋಡು!"

ಇಡೀ ಕಾಲು! ಹೆಬ್ಬೆರಳು ಮುಳ್ಳಿದ್ದ ಜಾಗಕ್ಕೆ ವಾಪಸ್ ಬಂದದ್ದೇ ತಡ, ಮಮತಾ ಓಣಿಗೆಲ್ಲ ಕೇಳುವಂತೆ ಕಿರುಚಿದಳು.

"ಅಯ್ಯಯ್ಯೋ! ಅಲ್ಲೇ ಅಜ್ಜಿ, ಅಲ್ಲೇ!"

ಪಿನ್ನು ಒಮ್ಮೆ ಮೀಟಿತು. ಮುಳ್ಳು ಹೊರಬಂತು.

ಗಾಯದ ಸುತ್ತ ಕೆಂಪಗೆ ಊದಿ ಬಿಸಿಯಾಗಿತ್ತು. ಮಮತಾ ಅದನ್ನೇ ನೋಡುತ್ತಾ ಕೂತಳು.

"ಆಗ್ಲೇ ಬಂದವ್ರೆ," ಎಂದಳು ಮೆಲ್ಲಗೆ.

"ಯಾರೇ?"

"ಚಂದ್ರು ಗ್ಯಾಂಗು."

ಅಜ್ಜಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಮಮತಾ ಕುಂಟುತ್ತಲೇ ಸ್ಟೇಜ್ ಹತ್ತಿದಳು. ಬೆಡ್‌ಶೀಟಿನ ತೂತಿನಿಂದ ಅಮಾನ್ ಟೋಪಿ ತೂರಿಸಿದ. ಪಕ್ಕದ ಪರದೆಯ ಮರೆಯಲ್ಲಿ ಚಂದ್ರು ಗ್ಯಾಂಗು ಕತ್ತಿ ಹಿಡಿದು ಇವಳ ಬಾಯನ್ನೇ ನೋಡುತ್ತಿತ್ತು. ಇವಳು ಕೂಗುವ ತನಕ ಒಬ್ಬರೂ ಕದಲುವಂತಿರಲಿಲ್ಲ. ಮಮತಾಳಿಗೆ ಒಳಗೊಳಗೇ ಖುಷಿಯಾಯಿತು. ದೊಡ್ಡದಾಗಿ ಉಸಿರೆಳೆದುಕೊಂಡಳು.

"ಅಯ್ಯಯ್ಯೋ! ಇಲ್ಲೈತೆ, ಇಲ್ಲೇ! ಬರ್ರೋ!"

ಕತ್ತಿಗಳು ನುಗ್ಗಿದವು. ಅದಕ್ಕೂ ಮುಂಚೆ ಮುಂದಿನ ಸಾಲಿನಿಂದ ಹುಲಿಗೆಮ್ಮಜ್ಜಿ ಎದ್ದು ನಿಂತಿದ್ದಳು. ಅವಳ ಕೈ ಬಳೆಯಲ್ಲಿದ್ದ ಪಿನ್ನನ್ನು ತಡಕುತ್ತಿತ್ತು.

"ಎಲ್ಲೇ ಮಗಾ?"

ಜನವೆಲ್ಲ ಗೊಳ್ಳೆಂದು ನಕ್ಕರು. ಮಮತಾ ನಗಲಿಲ್ಲ. ಬೆರಳು ಚಾಚಿ ಅಮಾನ್ ಇದ್ದ ಜಾಗ ತೋರಿಸಿದಳು.