ಗುಬ್ಬಿಯ ಒಡಕು ಧ್ವನಿ

"ರೀ! ನಿಲ್ಲಿ! ಮುಂದಕ್ಕೆ ಹೋಗ್ಬೇಡಿ ಅಂತ ಅಷ್ಟು ಸಲ ಕೂಗ್ತಿದೀನಲ್ಲ!"

ಯೋಚನೆಯಲ್ಲಿ ಮುಳುಗಿದ್ದ ಅವಳಿಗೆ ಆ ಕೂಗು ಕೇಳಿಸುವಷ್ಟರಲ್ಲಿ ಕಾಲ ಕೆಳಗೆ ದೋಣಿಕಟ್ಟೆಯ ಹಲಗೆ ಕಿರ್ರೆಂದಿತ್ತು. ಯಾರೋ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಮರುಕ್ಷಣ ಆ ಹಲಗೆ ಮುರಿದು ಸರೋವರದ ನೀರಿಗೆ ಬಿತ್ತು.

ಎದುರಿಗೆ ಕೈತುಂಬ ಗ್ರೀಸು ಮೆತ್ತಿಕೊಂಡ ದೋಣಿಯವನು. ಕಣ್ಣು ಕೆಂಡ!

"ಅಡ್ಡ ಹಗ್ಗ ಕಟ್ಟಿರೋದು ಕಾಣಲ್ವಾ? ಒಂದು ಸಲ ತಿರುಗಿ ನೋಡೋಕೇನು? ರಜೆಗೆ ಬಂದೋರಿಗೆ ನಾವು ಮನುಷ್ಯರ ಥರ ಕಾಣೋದೇ ಇಲ್ಲ ಅಲ್ವಾ?"

'ಇಲ್ಲ... ಹಾಗಲ್ಲ...'

ತುಟಿ ಅಲುಗಿತು. ಧ್ವನಿ ಬರಲಿಲ್ಲ. ಅವಳು ಗಂಟಲು ಮುಟ್ಟಿ ತೋರಿಸುವ ಮೊದಲೇ ಅವನು ಬೆನ್ನು ತಿರುಗಿಸಿದ್ದ.

"ಒಂದು ಥ್ಯಾಂಕ್ಸ್ ಹೇಳೋಕೂ ಬಾಯಿ ಬರಲ್ಲ!"

ಅವಳ ಕಣ್ಣು ತುಂಬಿ ಬಂತು. ಬಾಯಿ ಬರಲ್ಲ... ನಿಜವೇ ತಾನೆ?

ಚಿಕ್ಕಂದಿನಿಂದ ಬಾಯಿ ಮುಚ್ಚದೆ ಹರಟುತ್ತಿದ್ದವಳೆಂದು ಮನೆಯಲ್ಲಿ ಅವಳಿಗಿಟ್ಟ ಹೆಸರು ಗುಬ್ಬಿ. ದೊಡ್ಡ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ರೈಲುಗಳು ಬರುವುದನ್ನೂ ಹೊರಡುವುದನ್ನೂ ಕೂಗಿ ಹೇಳುವುದು ಅವಳ ಕೆಲಸ. ಮುಖ ಯಾರಿಗೂ ಗೊತ್ತಿಲ್ಲ. ಧ್ವನಿ ಕೇಳದವರು ಆ ಊರಿನಲ್ಲಿ ಇರಲಿಲ್ಲ.

ಅಂಥ ಗಂಟಲಲ್ಲೇ ಗಂಟು ಬೆಳೆಯಿತು. ಆಪರೇಷನ್ ಆಯಿತು.

"ಒಂದು ತಿಂಗಳು ಪಿಸುಮಾತೂ ಕೂಡದು," ಎಂದಿದ್ದರು ಡಾಕ್ಟರು. "ಆಮೇಲೆ ಧ್ವನಿ ಬರುತ್ತೋ, ಬಂದ್ರೂ ಹೇಗೆ ಬರುತ್ತೋ... ಈಗಲೇ ಹೇಳೋಕಾಗಲ್ಲ."

ಮಂಕಾಗಿ ಕೂತ ತಂಗಿಯನ್ನು ನೋಡಲಾರದೆ ಅಕ್ಕ, ಭಾವ ಈ ಸರೋವರದ ದಡಕ್ಕೆ ಕರೆತಂದಿದ್ದರು. ಸಾಲಾಗಿ ಬಾಡಿಗೆಯ ಪುಟ್ಟ ಮನೆಗಳು, ನಡುವೆ ಕ್ಲಬ್ಬು, ಷಟಲ್ ಅಂಗಳ, ಹಂಸದ ಆಕಾರದ ಪೆಡಲ್ ದೋಣಿಗಳು. ಎಲ್ಲಿ ನೋಡಿದರೂ ನಗು, ಕೇಕೆ. ಅದರ ಮಧ್ಯೆ ಅವಳೊಬ್ಬಳು ಮೂಕಿ.

ಮರುದಿನ ಬೆಳಿಗ್ಗೆ ಅವನು ಜಗಲಿಯ ಮುಂದೆ ಬಂದು ನಿಂತಿದ್ದ. ತಲೆ ತಗ್ಗಿತ್ತು.

"ನಿಮ್ಮಕ್ಕ ಹೇಳಿದ್ರು ಮೇಡಂ... ತಪ್ಪಾಯ್ತು. ಬೀಗ ಹಾಕ್ಬೇಕಾಗಿದ್ದು ನನ್ನ ಬಾಯಿಗೆ. ಡಾಕ್ಟರು ಅಡ್ರೆಸ್ ತಪ್ಪಿ ನಿಮಗೆ ಹಾಕಿದಾರೆ."

ಗುಬ್ಬಿ ನಕ್ಕಳು. ಸದ್ದಿಲ್ಲದ ನಗು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು!

ಅಂದಿನಿಂದ ಪ್ರತಿ ಸಂಜೆ ಅವನ ದೋಣಿಯಲ್ಲಿ ಒಂದು ಸುತ್ತು. ಹುಟ್ಟು ಹಾಕುತ್ತ ಅವನು ಮಾತಾಡುತ್ತಲೇ ಇರುತ್ತಿದ್ದ. ಯಾವ ಹಂಸ ಸೋರುತ್ತದೆ, ಯಾವ ಎಂಜಿನ್ನು ಒದ್ದರೆ ಮಾತ್ರ ಎದ್ದೇಳುತ್ತದೆ, ದೋಣಿಮನೆಯ ಹಿಂದೆ ವಾಸವಿರುವ ಅವನಮ್ಮ ಎಷ್ಟು ರಾಗವಾಗಿ ಬೈಯುತ್ತಾಳೆ...

ಅವಳು ಹುಬ್ಬೇರಿಸಿದರೆ ಸಾಕು. "ಸಾಕು ನಿಲ್ಸು ಅಂದ್ರಿ ಅಲ್ವಾ? ಕೇಳಿಸ್ತು, ಕೇಳಿಸ್ತು!"

ಬೇರೆಯವರೆಲ್ಲ ಅವಳ ಮುಂದೆ ಕಿವುಡಿಯ ಮುಂದೆ ಮಾತಾಡಿದಂತೆ ಜೋರಾಗಿ ಮಾತಾಡುತ್ತಿದ್ದರು. ಇವನೊಬ್ಬ ಅವಳ ಮುಖ ನೋಡುತ್ತಿದ್ದ.

ಒಂದು ಸಂಜೆ ಅವಳು ಮೊಬೈಲಿನಲ್ಲಿ ಬರೆದು ತೋರಿಸಿದಳು. 'ಧ್ವನಿ ಬರದೇ ಹೋದರೆ?'

ಹುಟ್ಟು ನಿಂತಿತು.

"ಗೊತ್ತಿಲ್ಲ ಮೇಡಂ," ಎಂದ ಮೆಲ್ಲಗೆ. "ಬಂದೇ ಬರುತ್ತೆ ಅಂತ ಎಲ್ರೂ ಹೇಳಿರ್ತಾರೆ. ನಿಮಗೆ ಸುಳ್ಳು ಹೇಳೋಕೆ ನನಗೆ ಮನಸ್ಸಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿರೋಣ."

ಅವಳು ಮನಸಾರೆ ಅತ್ತಳು. ಅವನು ಆಚೆ ದಡ ನೋಡುತ್ತ ಕೂತ. ಆ ವಾಚಾಳಿ ಬಾಯಿ ತನಗಾಗಿ ಮುಚ್ಚಿಕೊಂಡಿದೆ ಎನ್ನಿಸಿದ ಆ ಗಳಿಗೆಯಲ್ಲೇ ಗುಬ್ಬಿಗೆ ಗೊತ್ತಾಗಿಹೋಯಿತು... ಅಯ್ಯೋ, ನಾನು ಇವನನ್ನು ಪ್ರೀತಿಸುತ್ತಿದ್ದೇನೆ!

ಊರಿಗೆ ಹೊರಡುವ ಹಿಂದಿನ ದಿನ ಅವನು ಕರೆಯಲು ಬಂದಾಗ ಅಕ್ಕ ಜಗಲಿಯಲ್ಲಿ ತಡೆದಳು.

"ಇವತ್ತು ಬೇಡಪ್ಪ. ಇವಳ ಭಾವನ ಕಡೆ ಹುಡುಗ ಒಬ್ಬನಿದಾನೆ. ಊರಿಗೆ ಹೋಗ್ತಿದ್ದಂಗೆ ಮದುವೆ ಮಾತು. ಧ್ವನಿ ಬರದಿದ್ರೂ ಪರವಾಗಿಲ್ಲ ಅಂತ ದೊಡ್ಡ ಮನಸ್ಸು ಮಾಡಿದಾರೆ. ಇನ್ಮೇಲೆ ಹೀಗೆ ನಿನ್ನ ಜೊತೆ ಒಬ್ಬಳೇ ದೋಣೀಲಿ ಸುತ್ತಿದ್ರೆ ಚೆನ್ನಾಗಿರಲ್ಲ ನೋಡು."

ಗುಬ್ಬಿಗೆ ಆಕಾಶ ಕಳಚಿ ಬಿದ್ದಂತಾಯಿತು. ಯಾವ ಹುಡುಗ? ಯಾವಾಗ ಕೇಳಿದಿರಿ ನನ್ನನ್ನು?

ಇಲ್ಲ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಅವನ ಕಡೆ ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ.

"ಒಳ್ಳೇದಾಗ್ಲಿ ಮೇಡಂ." ಅಷ್ಟೇ. ಹೊರಟೇಹೋದ.

'ಈ ಮದುವೆ ನನಗೆ ಬೇಡ' ಎಂದು ಮೊಬೈಲಿನಲ್ಲಿ ಬರೆದಳು. ಅಕ್ಕನ ಮುಖ ನೋಡಿದಳು. ಅಮ್ಮ ಹೋದ ಮೇಲೆ ತನಗೆ ತುತ್ತಿಟ್ಟು, ಜಡೆ ಹೆಣೆದು ಬೆಳೆಸಿದ ಅಕ್ಕ. ತಂಗಿಗೊಂದು ದಾರಿಯಾಯಿತೆಂದು ಆ ಮುಖದಲ್ಲಿ ಎಷ್ಟು ನೆಮ್ಮದಿ! ಬರೆದದ್ದನ್ನು ಅಳಿಸಿದಳು.

ಮರುದಿನ ಭಾವ ಕಾರಿಗೆ ಸಾಮಾನು ತುಂಬುತ್ತಿದ್ದಾಗ ಅವಳು ದಡಕ್ಕೆ ಓಡಿದಳು. ಯಾರನ್ನೋ ಕೂರಿಸಿಕೊಂಡು ಅವನ ದೋಣಿ ಆಗಲೇ ನಡುನೀರಿಗೆ ಹೋಗಿತ್ತು. ಅವನ ಮುಖ ಆಚೆ ದಡದ ಕಡೆಗಿತ್ತು.

ಎರಡೂ ಕೈ ಎತ್ತಿ ಬೀಸಿದಳು. ಬಾಯಿ ತೆರೆದಳು. ಬರೀ ಗಾಳಿ... ಊರಿನ ಜನಕ್ಕೆಲ್ಲ ದಾರಿ ಹೇಳಿದವಳಿಗೆ ಒಬ್ಬನನ್ನು ನಿಲ್ಲಿಸಲು ಆಗಲಿಲ್ಲ. ಇನ್ನೂ ಕೈ ಬೀಸುತ್ತಿದ್ದಾಗಲೇ ಹಿಂದೆ ಕಾರಿನ ಹಾರನ್ನು ಕೂಗಿತು. ಅವಳು ಹೋಗಿ ಕೂತಳು.

ಮೌನದ ತಿಂಗಳು ಕಳೆಯಿತು.

"ಈಗ ಏನಾದ್ರೂ ಹೇಳಮ್ಮ," ಎಂದರು ಡಾಕ್ಟರು.

ಹೇಳಿದಳು. ಒರಟು ನೆಲದ ಮೇಲೆ ತಗಡು ಎಳೆದಂಥ ಸದ್ದು! ಅದು ತನ್ನದೆಂದು ಅವಳಿಗೇ ನಂಬಲಾಗಲಿಲ್ಲ.

ಡಾಕ್ಟರು ಕನ್ನಡಕ ತೆಗೆದರು. "ಇದಕ್ಕಿಂತ ಹೆಚ್ಚು ಸುಧಾರಿಸೋದು ಕಷ್ಟ. ಮೈಕಿನ ಕೆಲಸ ಮರೆತುಬಿಡಮ್ಮ."

ಹೊರಗೆ ಬಂದಾಗ ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು. "ಹೋಗ್ಲಿ ಬಿಡೇ. ಅವರು ಒಪ್ಪಿದಾರಲ್ಲ, ನಿನ್ನ ಪುಣ್ಯ..."

"ಅಕ್ಕಾ... ನನಗೆ ಬೇಡ."

ಅಕ್ಕ ಗಕ್ಕನೆ ನಿಂತಳು. "ಏನಂದೆ?"

"ಮದುವೆ ಬೇಡ. ಅವರು ಒಪ್ಪಿದ್ರು. ನನ್ನನ್ನ ಯಾರು ಕೇಳಿದ್ರು?"

"ಇದನ್ನ ಹೇಳೋಕೆ ಧ್ವನಿ ಯಾಕೆ ಬೇಕಿತ್ತೇ? ಆವತ್ತೇ ತಲೆ ಅಲ್ಲಾಡಿಸಿದ್ರೆ ಆಗ್ತಿತ್ತಲ್ಲ!"

"ಅಲ್ಲಾಡಿಸಿದ್ದೆ ಅಕ್ಕ... ನೀನು ನೋಡ್ಲಿಲ್ಲ."

ಅಕ್ಕ ತಂಗಿಯ ಕೆನ್ನೆ ಒರೆಸಿ ಕೇಳಿದಳು. "ಆ ದೋಣಿ ಹುಡುಗನಾ?"

ಗುಬ್ಬಿ ಹೌದೆಂದು ತಲೆಯಾಡಿಸಿದಳು. ಈ ಸಲ ಅಕ್ಕ ನೋಡಿದಳು.

ಕೆಲವು ವಾರಗಳ ಮೇಲೆ ಗುಬ್ಬಿ ಮತ್ತೆ ಬಂದಾಗ ಸರೋವರದ ದಡ ಬಿಕೋ ಎನ್ನುತ್ತಿತ್ತು. ರಜೆ ಮುಗಿದು ಮನೆಗಳಿಗೆ ಬೀಗ ಬಿದ್ದಿತ್ತು. ದೋಣಿಗಳನ್ನು ಮೇಲಕ್ಕೆಳೆದು ಬೋರಲು ಹಾಕಿದ್ದರು. ಅವನೊಬ್ಬನೇ ಬಣ್ಣ ಬಳಿಯುತ್ತಿದ್ದ.

ಅವಳನ್ನು ಕಂಡು ಎದ್ದು ನಿಂತ. ಮುಖದಲ್ಲಿ ಬೆಳಕು ಬಂದು, ಹಾಗೇ ಆರಿತು.

"ಓ... ಮೇಡಂ. ಯಜಮಾನ್ರು ಬಂದಿಲ್ವಾ?"

ಈ ಧ್ವನಿ ಕೇಳಿದರೆ ಇವನ ಮುಖ ಏನಾದೀತು? ಹಾಗೇ ಓಡಿಹೋಗಲೇ?

"ಮದುವೆ... ಆಗಿಲ್ಲ."

ಬ್ರಷ್ಷಿನಿಂದ ಬಣ್ಣ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ.

"ಕೇಳಿದ್ರಲ್ಲ? ಇಷ್ಟೇ. ಇನ್ನು ಹೀಗೇ ಅಂತೆ. ಈಗ ಟಿಕೆಟ್ ಕೌಂಟರಲ್ಲಿ ಕೂರಿಸಿದಾರೆ. ಗಾಜಿನ ಆಚೆ ನಿಂತೋರು ಏನಂದ್ರಿ, ಏನಂದ್ರಿ ಅಂತಾನೇ ಇರ್ತಾರೆ..."

ಅವನು ಸುಮ್ಮನೆ ನೋಡುತ್ತಿದ್ದ.

"ಏನಾದ್ರೂ ಹೇಳ್ರೀ! ಭಯ ಆಗ್ತಿದೆ ನನಗೆ."

"ಆವತ್ತು ನೀವು ಕೈ ಬೀಸಿದ್ದು ನೋಡಿದ್ದೆ," ಎಂದ. "ಕಾರಿನ ಹಾರನ್ನಿಗೆ ತಿರುಗಿದೆ. ಬೀಳ್ಕೊಡ್ತಿದೀರಿ ಅಂದ್ಕೊಂಡೆ. ವಾಪಸ್ ಕೈ ಬೀಸೋಕೂ ಆಗ್ಲಿಲ್ಲ ನನ್ನ ಕೈಲಿ."

"ಅದು... ಕರೆದಿದ್ದು!"

ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ಬಿಟ್ಟಾಗ ಕಣ್ಣು ಒದ್ದೆಯಾಗಿತ್ತು.

"ನಿನ್ನ ಹಳೇ ಧ್ವನಿ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಕೇಳೇ ಇಲ್ಲ. ನನ್ನ ಪಾಲಿಗೆ ನಿನ್ನ ಧ್ವನಿ ಅಂದ್ರೆ ಇದೇ."

ಗುಬ್ಬಿ ಉಸಿರೆಳೆದುಕೊಂಡಳು. "ನಾನು ನಿಮ್ಮನ್ನ ಪ್ರೀತಿ..."

ಧ್ವನಿ ಅಲ್ಲೇ ಒಡೆದುಹೋಯಿತು. ಗಂಟಲು ಹಿಡಿದುಕೊಂಡಳು. ಅವಮಾನದಿಂದ ಮುಖ ಕೆಂಪಾಯಿತು. ಇಷ್ಟು ದೂರ ಬಂದು, ಇಲ್ಲಿಯೂ...

"ನಿಧಾನ," ಎಂದ ಅವನು, ಬ್ರಷ್ಷು ಕೆಳಗಿಟ್ಟು ಹತ್ತಿರ ಬಂದು. "ನನಗೇನೂ ಅವಸರ ಇಲ್ಲ."

ಅವಳು ಮತ್ತೆ ಮೊದಲಿನಿಂದ ಹೇಳಿದಳು. ಒರಟಾಗಿ, ತಡವರಿಸುತ್ತ, ಕೊನೆಯವರೆಗೂ.

"ಕೇಳಿಸ್ತಾ?"

"ಕೇಳಿಸ್ತು... ಇನ್ನೊಂದ್ಸಲ ಹೇಳು."