ಹಳದಿ ಹೊಳಪಿನ ಸೇಡು

"ನಿನ್ನ ಜಿರಾಫೆ ಬಂದಿದೆ ಕಣೇ ಸೂಜಿ. ಗೇಟಿನ ಹತ್ರ ಸಹಿ ಹಾಕ್ತಿದೆ. ಕೈಯಲ್ಲಿ ಟ್ರೇ ಬೇರೆ," ಎಂದಳು ಲ್ಯಾಬಿನ ಸ್ಟೋರು ನೋಡಿಕೊಳ್ಳುವ ಅಕ್ಕ, ಗ್ಲೌಸಿನ ಡಬ್ಬವನ್ನು ಮೇಜಿನ ಮೇಲೆ ಕುಕ್ಕುತ್ತಾ.

"ನನ್ನ ಜಿರಾಫೆ ಅಲ್ಲ."

"ಹೆಸರಿಟ್ಟವಳು ನೀನೇ ತಾನೆ?"

ಹೌದು, ಅವಳೇ. ಆರು ವರ್ಷದ ಹಿಂದೆ, ಬೇರೊಂದು ಲ್ಯಾಬಿನಲ್ಲಿ, ಆ ಉದ್ದನೆಯ ಆಸಾಮಿ ದಿನಕ್ಕೊಮ್ಮೆ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಳ್ಳುತ್ತಿದ್ದುದನ್ನು ಕಂಡು ಇಟ್ಟ ಹೆಸರು. ಅವಳ ನಾಲಗೆಗೆ ಹೆದರಿ 'ಸೂಜಿ' ಎಂದು ಮೊದಲು ಕರೆದವನೂ ಅವನೇ. ಆ ಹೆಸರುಗಳು ಉಳಿದುಕೊಂಡವು. ಮಿಕ್ಕಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಹೋಯಿತು.

ಆ ಮಧ್ಯಾಹ್ನದ ಕಥೆ ಇಷ್ಟೇ. ಜ್ವರಕ್ಕೆ, ಮೊಡವೆಗೆ ಅಂತ ಅಜ್ಜಿಯರ ಕಾಲದಿಂದ ಕೊಡುತ್ತ ಬಂದ ಒಂದು ಹಳೆಯ ಆ್ಯಂಟಿಬಯಾಟಿಕ್ ಇತ್ತು, ಹಳದಿ ಪುಡಿ. ಅದನ್ನು ತಿಂದ ಇಲಿಗಳ ಮುರಿದ ಮೂಳೆ ಬೇಗ ಕೂಡಿಕೊಳ್ಳುತ್ತದೆ ಎಂದು ಮೊದಲು ಕಂಡವಳು ಅವಳು. ಫೋಟೊ ತೆಗೆದಳು, ಓಡಿಹೋಗಿ ಅವನಿಗೆ ತೋರಿಸಿದಳು. ಆಗೆಲ್ಲ ಅವನಿಗೆ ಹೇಳದೆ ಅವಳಿಗೊಂದು ಸೀನೂ ಬರುತ್ತಿರಲಿಲ್ಲ. ಎರಡು ತಿಂಗಳ ಮೇಲೆ, ದೊಡ್ಡ ಸಭೆಯೊಂದರಲ್ಲಿ, ಅವನ ಹಿಂದಿನ ಪರದೆಯ ಮೇಲೆ ಅದೇ ಫೋಟೊ ಬಂತು. ಕೆಳಗೆ ಎರಡು ಹೆಸರು: ಅವರಿಬ್ಬರ ಗುರುಗಳದು, ಅವನದು. ದೊಡ್ಡಮ್ಮ ಹೊಲಿದುಕೊಟ್ಟ ಹೊಸ ಬಟ್ಟೆ ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದ ಅವಳು, ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರೆಂದು ತಾನೂ ತಟ್ಟಿದಳು. ಅವನು ಕದ್ದದ್ದಕ್ಕಿಂತ ತಾನು ತಟ್ಟಿದ್ದೇ ಅವಳನ್ನು ಹೆಚ್ಚು ಸುಟ್ಟಿತ್ತು.

ಮರುದಿನವೇ ಆ ಲ್ಯಾಬು ಬಿಟ್ಟಳು, ಈ ಲ್ಯಾಬು ಸೇರಿದಳು. ಅಂದಿನಿಂದ ಒಂದು ಅಭ್ಯಾಸ ಅಂಟಿತು. ದಿನದ ಬರಹವನ್ನೆಲ್ಲ ಸಂಜೆ ಲಕೋಟೆಗೆ ಹಾಕಿ, ಅಂಟಿಸಿ, ಸ್ಟೋರಿನ ಅಕ್ಕನ ಕೈಲಿ ಸಹಿ ಹಾಕಿಸಿ, ಅಕ್ಕನ ಬೀರುವಿನಲ್ಲೇ ಇಡಿಸುವುದು. "ನನ್ನ ಬೀರೂನ ಬ್ಯಾಂಕ್ ಲಾಕರ್ ಮಾಡಿಬಿಟ್ಟೆ," ಎಂದು ಅಕ್ಕ ಗೊಣಗುತ್ತಲೇ ಸಹಿ ಹಾಕುತ್ತಿದ್ದಳು.

ಈಗ ಅವನು ಅದೇ ಮದ್ದಿನ ದೊಡ್ಡ ಪರೀಕ್ಷೆ ಮುಗಿಸಿದ್ದ. ನೂರಿಪ್ಪತ್ತು ಸ್ಲೈಡು. ಅರ್ಧ, ಮದ್ದು ತಿಂದ ಇಲಿಗಳ ಮೂಳೆ. ಅರ್ಧ, ಬರೀ ಸಕ್ಕರೆ ನೀರು ಕುಡಿದವುಗಳದು. ಒಂದೊಂದರಲ್ಲೂ ಹೊಸದಾಗಿ ಬೆಳೆದ ಮೂಳೆಯ ಎಳೆಗಳನ್ನು ಎಣಿಸಬೇಕು, ಎಣಿಸುವವರಿಗೆ ಯಾವುದು ಯಾವುದೆಂದು ಗೊತ್ತಾಗಬಾರದು. ಅದಕ್ಕೇ ಸ್ಲೈಡಿನ ಮೇಲೆ ಬರೀ ನಂಬರು, ಗುಟ್ಟಿನ ಪಟ್ಟಿ ಮೊಹರು ಹಾಕಿದ ಲಕೋಟೆಯಲ್ಲಿ. ಒಮ್ಮೆ ಅವನೇ ಎಣಿಸಿದ್ದ. ಎರಡನೆಯ ಕಣ್ಣಿಗಾಗಿ ಸಂಸ್ಥೆ ಅವಳನ್ನು ಕೇಳಿದಾಗ ಅವಳು ತಕ್ಷಣ "ಆಗಲಿ" ಎಂದಿದ್ದಳು.

"ಏನೋ ಮಸೀತಿದ್ದೀಯ," ಎಂದಿದ್ದಳು ಅಕ್ಕ.

ಮಸೆಯುತ್ತಿದ್ದಳು, ಆರು ವರ್ಷದಿಂದ.

ಅವನು ಒಳಗೆ ಬಂದ. ಅವನ ಕಣ್ಣು ಮೊದಲು ಅವಳ ಬೆರಳುಗಳಿಗೆ, ಆಮೇಲೆ ಕಿವಿಯ ಹಿಂದಿನ ಪೆನ್ಸಿಲಿಗೆ, ಕೊನೆಗೆ ಧೈರ್ಯ ಮಾಡಿ ಮುಖಕ್ಕೆ ಬಂದು ಅಲ್ಲಿ ನಿಲ್ಲಲಾರದೆ ಮತ್ತೆ ಪೆನ್ಸಿಲಿಗೆ ಹೋಯಿತು.

"ಚೆನ್ನಾಗಿದ್ದೀಯಾ?"

"ಟ್ರೇ ಅಲ್ಲಿಡಿ. ನೀವು ಹೊರಗೆ ಕೂತ್ಕೊಳ್ಳಿ. ಎಣಿಸೋವಾಗ ಸ್ಲೈಡಿನ ಯಜಮಾನರು ಒಳಗಿರೋ ಹಾಗಿಲ್ಲ."

"ನನಗೆ 'ನೀವು' ಅಂತೀಯಾ?"

"ಹೋಗುವಾಗ ಬಾಗಿಲು ನೋಡ್ಕೊಳ್ಳಿ. ತಲೆ."

ಹಣೆ ತಾಗಿಯೇಬಿಟ್ಟಿತು. ಅವಳು ನಗಲಿಲ್ಲ. ನಗದಿರುವುದಕ್ಕಾಗಿ ಲೆನ್ಸನ್ನು ಎರಡು ಸಲ ಒರೆಸಬೇಕಾಯಿತು.

ಮೊದಲ ಸ್ಲೈಡು ಇಟ್ಟಳು. ಕಣ್ಣು ಮುಚ್ಚಿ ಯಾವುದೋ ಅಂಕಿ ಬರೆದರೂ ಸಾಕಿತ್ತು. ಇಬ್ಬರ ಎಣಿಕೆ ತಾಳೆಯಾಗದು, ಅವನ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಯಾರಿಗೂ ಗೊತ್ತಾಗದು. ಅವಳು ಪೆನ್ಸಿಲು ಊರಿದಳು. ಕೆಳಗೆ, ಬೆಳಕಿನ ವೃತ್ತದಲ್ಲಿ, ಮುರಿದ ಎರಡು ತುದಿಗಳ ನಡುವೆ ಎಳೆಮೂಳೆ ಜೇಡನ ಬಲೆಯಂತೆ ನೇಯ್ದುಕೊಂಡಿತ್ತು. ಆರು ವರ್ಷದ ಹಿಂದೆ ಅವಳು ಕಂಡದ್ದು ಇದನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಯಾಕೆ ಬರೆ? ಇದ್ದದ್ದನ್ನು ಇದ್ದಂತೆ ಬರೆದಳು. ಸೇಡಿಗೆ ಬೇರೆ ಆಯುಧ ಸಿಗುವವರೆಗೆ ಕಾಯಬೇಕು, ಅಷ್ಟೇ.

ದಿನಕ್ಕೆ ಹನ್ನೆರಡು ಸ್ಲೈಡಿನಂತೆ ಹತ್ತು ದಿನ. ಅವನು ದಿನವೂ ಹನ್ನೊಂದು ಗಂಟೆಗೆ ಎರಡು ಕಪ್ ಟೀ ತಂದು ಕಾರಿಡಾರಿನಲ್ಲಿ ನಿಲ್ಲುತ್ತಿದ್ದ. ಅವಳು ಒಂದನ್ನು ತೆಗೆದುಕೊಂಡು, ಅವನ ಕಣ್ಣೆದುರಿಗೇ, ಕೈತೊಳೆಯುವ ಸಿಂಕಿಗೆ ಸುರಿದು ಒಳಗೆ ಹೋಗುತ್ತಿದ್ದಳು. ಐದನೆಯ ದಿನ ಅವನೆಂದ:

"ಇವತ್ತು ಸಕ್ಕರೆ ಹಾಕಿಲ್ಲ."

"ಯಾಕೆ?"

"ಪಾಪ, ಸಿಂಕಿಗೆ ಸಕ್ಕರೆ ಕಾಯಿಲೆ ಬಂದೀತು ಅಂತ."

ಅವಳ ತುಟಿಯ ಎಡತುದಿ ಅಲುಗಿತು. ಅಲುಗಿದ್ದನ್ನು ಅವನು ಕಂಡ. ಕಂಡನೆಂದು ಅವಳಿಗೂ ಗೊತ್ತಾಯಿತು. ಆ ಕೋಪಕ್ಕೆ ಅವಳು ಅವನ ಕಪ್ಪನ್ನೂ ಕಸಿದು ಸುರಿದಳು.

ಹತ್ತನೆಯ ಸಂಜೆ ಕೊನೆಯ ಲಕೋಟೆ ಅಂಟಿಸಿ, ಅಕ್ಕನ ಸಹಿ ಹಾಕಿಸಿ, ಬೀರುವಿನ ಬಾಗಿಲು ಮುಚ್ಚುವಾಗ ಅವಳ ಕಣ್ಣಿಗೆ ಮೂಲೆಯಲ್ಲಿದ್ದ ಯು.ವಿ. ಟಾರ್ಚು ಬಿತ್ತು. ಮೇಜಿನ ಮೇಲೆ ಚೆಲ್ಲಿದ ಬಣ್ಣ ಹುಡುಕಲು ಬಳಸುವ ನೇರಳೆ ಬೆಳಕಿನ ಟಾರ್ಚು. ಅವಳು ಹಾಗೇ ನಿಂತುಬಿಟ್ಟಳು.

ಆ ಹಳದಿ ಮದ್ದು ಮೂಳೆಯಲ್ಲಿ ಕೂತುಬಿಡುತ್ತದೆ. ನೇರಳೆ ಬೆಳಕು ಬಿದ್ದರೆ ಹೊಳೆಯುತ್ತದೆ.

"ಅಕ್ಕಾ, ಇದನ್ನ ತಗೋತೀನಿ. ರಿಜಿಸ್ಟರಿನಲ್ಲಿ ಹೊತ್ತು ಬರಿ. ನಿಮಿಷದ ಸಮೇತ."

ಪರದೆ ಎಳೆದು ಸ್ಲೈಡುಗಳ ಮೇಲೆ ಟಾರ್ಚು ಹಿಡಿದಳು. ಸರಿಯಾಗಿ ಅರ್ಧ ಸ್ಲೈಡುಗಳು ಬೆಕ್ಕಿನ ಕಣ್ಣಿನಂತೆ ಹಳದಿಯಾಗಿ ಅವಳನ್ನು ನೋಡಿದವು. ಲಕೋಟೆಯ ಗುಟ್ಟನ್ನು ಮದ್ದೇ ಬಯಲು ಮಾಡುತ್ತಿತ್ತು. ಅವನ ಮೈಕ್ರೋಸ್ಕೋಪಿನಲ್ಲಿ ಆ ದೀಪವಿದೆ, ಅವಳದರಲ್ಲಿಲ್ಲ. ಅವತ್ತು ಅವಳು ಮನೆಗೆ ಹಾಡು ಗುನುಗುತ್ತಾ ಹೋದಳು.

ಮರುದಿನ ಫಲಿತಾಂಶ ಒಪ್ಪಿಸುವ ಸಭೆ. ಉದ್ದನೆಯ ಮೇಜು, ಹತ್ತು ಜನ. ಮೇಜಿನ ಮೇಲೆ ಸ್ಲೈಡುಗಳ ಟ್ರೇ, ಅವಳ ಚೀಲದಲ್ಲಿ ಟಾರ್ಚು. ಅವನು ಎದ್ದು ಮೊದಲ ಚಿತ್ರ ಹಾಕಿದ. ಅದೇ ಫೋಟೊ. ಕೆಳಗೆ ಒಂದೇ ಹೆಸರು, ಇನಿಷಿಯಲ್ ಸಮೇತ ಅವಳದು.

"ಇದನ್ನ ಮೊದಲು ಕಂಡವರು ಇವರು," ಎಂದ. "ಆರು ವರ್ಷದ ಹಿಂದೆ ನಾನಿದನ್ನ ನನ್ನದು ಅಂತ ತೋರಿಸಿದೆ. ಅದು ಕಳ್ಳತನ. ಆವತ್ತಿನ ಲೇಖನ ಅಚ್ಚು ಹಾಕಿದವರಿಗೂ ಬರೆದು ಕಳಿಸಿದ್ದೀನಿ."

ಯಾರೋ ಕೆಮ್ಮಿದರು. ಅವಳ ಕಿವಿ ಬಿಸಿಯಾಯಿತು. ಹತ್ತು ಜನರೆದುರು ಅವನನ್ನು ಬೆತ್ತಲೆ ಮಾಡಬೇಕೆಂದು ಬಂದರೆ ತಾನೇ ಬಟ್ಟೆ ಬಿಚ್ಚಿ ನಿಂತಿದ್ದಾನೆ. ನನ್ನ ಸೇಡನ್ನೂ ಕದ್ದನಲ್ಲ, ಕಳ್ಳ.

ಆದರೆ ತಪ್ಪು ತಪ್ಪೇ. ಎದ್ದಳು.

"ಮುಗೀತಾ? ಈಗ ಲೈಟ್ ಆರಿಸಿ."

ಕತ್ತಲಲ್ಲಿ ಅವಳು ಟ್ರೇ ಮೇಲೆ ಟಾರ್ಚು ಹಿಡಿದಳು, ಹಳದಿ ಚುಕ್ಕಿಗಳು ಹೊಳೆದವು. ಅಧ್ಯಕ್ಷೆ ಕನ್ನಡಕ ಏರಿಸಿಕೊಂಡರು. "ಅಂದ್ರೆ ಏನಮ್ಮಾ ಇದು?"

"ಲಕೋಟೆಗೆ ಮೊಹರು ಹಾಕಿದ್ರು ಮೇಡಂ, ಮದ್ದಿನ ಬಾಯಿಗೆ ಹಾಕ್ಲಿಲ್ಲ. ಇವರ ಮೈಕ್ರೋಸ್ಕೋಪಲ್ಲಿ ಈ ದೀಪ ಇದೆ. ಇವರು ನೋಡಿದ್ರು ಅಂತ ನಾನು ಹೇಳ್ತಿಲ್ಲ. ನೋಡ್ಲಿಲ್ಲ ಅಂತ ತೋರಿಸೋಕೆ ಇವರಿಗೂ ಆಗಲ್ಲ."

"ಹಾಗಾದ್ರೆ ಎಲ್ಲಾ ಹೋಯ್ತಾ?"

"ಇವರ ಎಣಿಕೆ ಹೋಯ್ತು. ನನ್ನದಿದೆ. ದಿನಾ ಸಂಜೆ ಅಂಟಿಸಿದ್ದು. ಟಾರ್ಚು ಮುಟ್ಟಿದ್ದು ಕೊನೆಯ ಲಕೋಟೆ ಬೀರುಗೆ ಹೋದ ಮೇಲೆ. ರಿಜಿಸ್ಟರು ತರಿಸಿ ನೋಡಿ."

ತರಿಸಿದರು, ನೋಡಿದರು. ಗುಟ್ಟಿನ ಪಟ್ಟಿ ಒಡೆದು ಅವಳ ಅಂಕಿಗಳನ್ನಷ್ಟೇ ಹೊಂದಿಸಿದರು. ಮದ್ದು ತಿಂದ ಮೂಳೆ ಗಟ್ಟಿಯಾಗಿ ಕೂಡಿತ್ತು, ಅನುಮಾನವೇ ಇಲ್ಲದಂತೆ. ಅವನ ಎಣಿಕೆಯ ಹಾಳೆಗಳನ್ನು ಅಧ್ಯಕ್ಷೆ ಬದಿಗೆ ಸರಿಸಿದರು. ಅವನು ಆ ಹಾಳೆಗಳನ್ನು ನೋಡಲಿಲ್ಲ, ಅವಳನ್ನು ನೋಡುತ್ತಿದ್ದ.

ಕಾರಿಡಾರಿನಲ್ಲಿ ಹನ್ನೊಂದು ಗಂಟೆಗೆ ಎರಡು ಕಪ್ಪು ಹಿಡಿದು ನಿಂತಿದ್ದ.

"ಚೆನ್ನಾಗಿ ಕೊಯ್ದೆ," ಎಂದ.

"ಇನ್ನೂ ಕೊಯ್ಯಬೇಕಿತ್ತು. ನೀವೇ ಮೊದಲು ಕುತ್ತಿಗೆ ಚಾಚಿಬಿಟ್ರಿ."

"ಜಿರಾಫೆ ಅಲ್ವಾ."

ಅವಳು ಗೋಡೆ ನೋಡಿದಳು. "ಮೂಳೆ ಹೊಳೆಯುತ್ತೆ ಅಂತ ಆವತ್ತು ಡಾರ್ಕ್ ರೂಮಲ್ಲಿ ನಾನೇ ತೋರಿಸಿದ್ದೆ. ಹೇಗೆ ಮರೆತ್ರಿ?"

"ಮೂಳೆ ನೋಡಿದ್ರೆ ತಾನೆ ನೆನಪಿರೋದು? ನೀನು ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡ್ಕೊಂಡು 'ಇಲ್ಲಿ ನೋಡು, ಇಲ್ಲಿ' ಅಂತಿದ್ದೆ. ಆ ಹಳದಿ ಬೆಳಕು ನಿನ್ನ ಗಲ್ಲದ ಮೇಲಿತ್ತು. ಅಷ್ಟು ಮಾತ್ರ ನೆನಪಿದೆ."

ಅವಳು ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದಳು. "ಹಾಗಿದ್ದೋನು ಯಾಕೆ ಹಾಗೆ ಮಾಡಿದೆ?"

"ನಿನ್ನ ಹೆಸರು ಬೇಡ ಅಂತ ಗುರುಗಳು ಹೇಳಿದ್ದು ಒಂದೇ ಸಲ. ನಾನು ಸುಮ್ನಿದ್ದದ್ದು ಆರು ವರ್ಷ. ಹೆದರಿಕೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ."

"ನಾನು ಕ್ಷಮಿಸಲ್ಲ."

"ಕೇಳ್ತಿಲ್ಲ. ಪ್ರೀತಿ ಇನ್ನೂ ಇದೆ, ಅದನ್ನ ಹೇಳಿ ಹೋಗೋಣ ಅಂತ ಬಂದೆ."

"ಹೋಗೋದೆಲ್ಲಿಗೆ? ಸೇಡು ಇನ್ನೂ ಮುಗಿದಿಲ್ಲ. ಆರು ವರ್ಷದ್ದು. ದಿನಾ ಸ್ವಲ್ಪ ಸ್ವಲ್ಪ ತೀರಿಸ್ಕೋತೀನಿ."

"ಹಾಗಾದ್ರೆ ದಿನಾ ಬರ್ತೀನಿ."

"ಬರೋವಾಗ ತಲೆ ಬಗ್ಗಿಸ್ಕೊಂಡು ಬಾ."

ಅವಳು ಅವನ ಕೈಯಿಂದ ಕಪ್ಪು ತೆಗೆದುಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು, ಅರ್ಧವನ್ನು ನಿಧಾನವಾಗಿ ಸಿಂಕಿಗೆ ಸುರಿದಳು. ಉಳಿದರ್ಧವನ್ನು ಅಲ್ಲೇ ನಿಂತು ಕುಡಿದಳು. ಸಕ್ಕರೆ ಇರಲಿಲ್ಲ.